ಪಕ್ಕೆಯ ಮೂಳೆ ಮೂಗಿಗೆ ಬಂದದ್ದು

ಜರ್ಮನಿ ಯುದ್ಧ ಮುಗಿದು ಮೂರ್ನಾಲ್ಕು ವರ್ಷವಾಗಿತ್ತು. ಇಸವಿ ಸಾವಿರದ ಒಂಬೈನೂರ ಇಪ್ಪತ್ತೆರಡು ಇರಬೇಕು. ನಾನು ಮದುವೆಯಾಗಿ ಚಾಮರಾಜಪೇಟೆಗೆ ಬಂದ ಹೊಸತು. ನಮ್ಮದು ಹೂವಿನ ವ್ಯಾಪಾರ. ನಮ್ಮ ಯಜಮಾನರು ತೋಟಗಳಿಂದ ಹೂ ತರುತ್ತಿದ್ದರು, ನಾನೂ ಅತ್ತೆಯೂ ಕೂತು ಕಟ್ಟುತ್ತಿದ್ದೆವು. ಬುಟ್ಟಿ ಹೊತ್ತು ಬಸವನಗುಡಿಯ ವರ್ತನೆ ಮನೆಗಳಿಗೆ, ಅಂದರೆ ಖಾಯಂ ಗಿರಾಕಿಗಳಿಗೆ, ದಿನಾ ಕೊಟ್ಟುಬರುವುದು ನನ್ನ ಪಾಲಿನ ಕೆಲಸ.

ಒಂದು ಬೆಳಿಗ್ಗೆ ದಾರಿಯಲ್ಲಿ ಹಸುವೊಂದು ಬುಟ್ಟಿಗೆ ಬಾಯಿ ಹಾಕಿತು. ಅಟ್ಟಲು ಹೋದೆ. ಅದು ತಲೆ ಒದರಿದ ರಭಸಕ್ಕೆ ಕೊಂಬು ನನ್ನ ಮೂಗಿಗೆ ಬಡಿಯಿತು. ಸೀರೆಯ ಸೆರಗೆಲ್ಲ ರಕ್ತ. ಅರಿಶಿನ ಮೆತ್ತಿ ಸುಮ್ಮನಾದೆವು. ಆದರೆ ಒಳಗೆ ಕೀವು ಕಟ್ಟಿಕೊಂಡು ಜ್ವರ ಬಂತು. ಕೀವು ಒಡೆದು ಹೋದ ಮೇಲೆ ಜ್ವರ ಬಿಟ್ಟಿತು. ಸದ್ಯ ಬದುಕಿದಳಲ್ಲ ಎಂದು ಮನೆಯವರು ದೇವರಿಗೆ ಕಾಯಿ ಒಡೆಸಿದರು.

ಆಮೇಲೆ ನೋಡನೋಡುತ್ತಿದ್ದಂತೆ ಮೂಗಿನ ದಂಡೆ ಕುಸಿಯತೊಡಗಿತು. ಹುಬ್ಬಿನ ಕೆಳಗೆ ಹಳ್ಳ ಬಿತ್ತು, ತುದಿ ಮೇಲಕ್ಕೆ ತಿರುಗಿಕೊಂಡು ಹೊಳ್ಳೆಗಳು ಎದುರಿಗೇ ಕಾಣುವಂತಾದವು. ಮಲಗಿದರೆ ಬಾಯಲ್ಲೇ ಉಸಿರು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಆಗೆಲ್ಲ ಕುಸಿದ ಮೂಗನ್ನು ಕಂಡರೆ ಜನ ಕುಷ್ಠವೆಂದೇ ತಿಳಿಯುತ್ತಿದ್ದರು. ಆ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ‘ದೊಡ್ಡ ರೋಗ’ ಎನ್ನುತ್ತಿದ್ದರು. ನನ್ನ ಕೈಯಲ್ಲಿ ಕಟ್ಟಿದ ಹೂವನ್ನು ದೇವರಿಗೆ ಏರಿಸುವವರು ಯಾರು? “ಇವತ್ತು ಬೇಡಮ್ಮ” ಎಂದು ಒಂದು ಮನೆಯವರು ಹೇಳಿದರು, ಮಾರನೆಯ ದಿನ ಪಕ್ಕದ ಮನೆಯವರೂ ಹೇಳಿದರು. ಕೆಲವರು ನನ್ನ ಕೂಗು ಕೇಳಿದರೂ ಬಾಗಿಲು ತೆರೆಯುತ್ತಿರಲಿಲ್ಲ. ಬಾಡಿದ ಹೂವನ್ನು ಕೆರೆಗೆ ಸುರಿದು ಮನೆಗೆ ಬರುತ್ತಿದ್ದೆ.

ಜಾನಕಮ್ಮ ಎಂಬ ವಯಸ್ಸಾದ ಗೃಹಿಣಿ ಮಾತ್ರ ವರ್ತನೆ ಬಿಟ್ಟಿರಲಿಲ್ಲ. ಒಂದು ದಿನ ಹೂ ತೆಗೆದುಕೊಂಡು ಒಳಗೆ ಹೋಗದೆ ಅಲ್ಲೇ ನಿಂತರು.

“ಏನೇ ಗಂಗಾ, ಬೀದಿಯೋರೆಲ್ಲ ಏನೇನೋ ಅಂತಾರೆ. ನಿನ್ನ ಬಾಯಿಂದಾನೇ ಕೇಳೋಣ ಅಂತ. ಏನಾಯ್ತು ನಿನ್ನ ಮೂಗಿಗೆ?”

ಅಲ್ಲಿಯವರೆಗೆ ಯಾರೂ ನನ್ನನ್ನು ಹೀಗೆ ನೇರವಾಗಿ ಕೇಳಿರಲಿಲ್ಲ. ಅಳುತ್ತಾ ಎಲ್ಲ ಹೇಳಿದೆ. ಅವರು, “ಅಳಬೇಡ. ನನ್ನ ತಮ್ಮ ಡಾಕ್ಟರು. ಯುದ್ಧದ ಆಸ್ಪತ್ರೇಲಿ ಇದ್ದು ಬಂದೋನು. ನಾಳೆ ಇಲ್ಲಿಗೆ ಬರ್ತಾನೆ, ನೀನೂ ಬಾ” ಎಂದರು.

ಡಾಕ್ಟರು ನನ್ನನ್ನು ಜಗಲಿಯ ಮೇಲೆ ಕೂರಿಸಿ ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ಒಂದೆಳೆ ಹತ್ತಿಯಿಂದ ಕೈ, ಕಾಲು, ಕೆನ್ನೆ ಸವರುತ್ತಾ, “ಮುಟ್ಟಿದ ಕಡೆ ತೋರ್ಸಮ್ಮ” ಎಂದರು. ನಾನು “ಇಲ್ಲಿ ಸ್ವಾಮಿ, ಇಲ್ಲಿ” ಎಂದು ಒಂದೂ ಬಿಡದೆ ತೋರಿಸಿದೆ. ಕಣ್ಣು ಬಿಟ್ಟಾಗ ಅಕ್ಕಪಕ್ಕದ ಹೆಂಗಸರು ತಮ್ಮತಮ್ಮ ಬಾಗಿಲಲ್ಲಿ ನಿಂತಿದ್ದರು. ಡಾಕ್ಟರು ಅವರಿಗೂ ಕೇಳಿಸುವ ಹಾಗೆ, “ಅಕ್ಕ, ಇವಳಿಗೆ ಆ ರೋಗ ಇಲ್ಲ. ಇದ್ದಿದ್ರೆ ಹತ್ತಿ ತಾಗಿದ್ದು ತಿಳೀತಿರ್ಲಿಲ್ಲ. ಪೆಟ್ಟು ಬಿದ್ದು ಕೀವಾಗಿ ಒಳಗಿನ ಮೆತ್ತನೆ ಮೂಳೆ ಕರಗ್ಹೋಗಿದೆ, ಅಷ್ಟೇ” ಎಂದರು.

ನನಗೆ ಜೀವ ಬಂದಂತಾಯಿತು. ಆದರೆ ಆ ಮಾತು ಕೇಳಿದ ಹೆಂಗಸರೂ ಮಾರನೆಯ ದಿನ ನನ್ನ ಹತ್ತಿರ ಹೂ ಕೊಳ್ಳಲಿಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ, ಹೆದರಿಕೆ ಅಂಥದ್ದು. ಮುಖ ಹಾಗೇ ಇತ್ತಲ್ಲ.

ಕುಯ್ದು ಮೂಗನ್ನು ಸರಿಮಾಡಬಹುದು, ಆಸ್ಪತ್ರೆಗೆ ಬಾ ಎಂದು ಡಾಕ್ಟರು ಹೇಳಿಕಳಿಸಿದ್ದರು. ಮನೆಯಲ್ಲಿ ಹೇಳಿದರೆ ನಮ್ಮ ಯಜಮಾನರು ಗಾಬರಿಯಾದರು. ಅವರ ಸೋದರತ್ತೆಯೊಬ್ಬರು ಬಂದಿದ್ದವರು, “ಕುಯ್ಸೋದು ಗಿಯ್ಸೋದು ಯಾಕೆ? ಅವಳನ್ನ ತೌರಿಗೆ ಕಳ್ಸಿ ಹುಡುಗನಿಗೆ ಇನ್ನೊಂದು ಹೆಣ್ಣು ನೋಡ್ಬಾರ್ದಾ?” ಎಂದರು. ನಾನು ಅಡಿಗೆಮನೆಯಲ್ಲಿದ್ದೆ, ಎಲ್ಲ ಕೇಳಿಸಿತು. ಅತ್ತೆ ಮೊದಲೇ ಮಾತು ಕಡಿಮೆಯ ಹೆಂಗಸು. ಹೂ ಕಟ್ಟುತ್ತಲೇ ಇದ್ದರು. ಆಮೇಲೆ ಒಳಗೆ ಬಂದು, “ಸೀರೆ ಉಟ್ಕೊ. ಆ ಡಾಕ್ಟ್ರು ಏನಂತಾರೆ ನಾನೂ ಕೇಳ್ತೀನಿ” ಎಂದರು.

ಆಸ್ಪತ್ರೆಯಲ್ಲಿ ಡಾಕ್ಟರು ನಮಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. “ಕಿವಿ ಮಡಚಿ ನೋಡಮ್ಮ. ಬಗ್ಗಿ ಮತ್ತೆ ನೆಟ್ಟಗಾಗತ್ತಲ್ಲ? ಪಕ್ಕೆಲುಬಿನ ತುದೀಲೂ ಅಂಥದೇ ಮೂಳೆ ಇರತ್ತೆ, ಇನ್ನೂ ಗಟ್ಟಿ. ಅದರಲ್ಲೊಂದು ತುಂಡು ತೆಗೆದು, ಕೆತ್ತಿ, ಮೂಗಿನ ಚರ್ಮದ ಕೆಳಗೆ ಕೂರಿಸ್ತೀನಿ. ಮುಖ ಒಡೆದ ಸಿಪಾಯಿಗಳಿಗೆ ಹೀಗೆ ಮಾಡೋದನ್ನ ಕಂಡಿದೀನಿ. ಆದ್ರೆ ಈ ಊರಲ್ಲಿ ನಾನು ಮಾಡ್ತಿರೋದು ಇದೇ ಮೊದಲು. ಮತ್ತೆ ಕೀವಾದ್ರೆ ತೆಗೆದುಹಾಕ್ಬೇಕಾಗತ್ತೆ.”

ಅತ್ತೆ ಮುಂದಕ್ಕೆ ಸರಿದು ಕೂತರು. “ಸ್ವಾಮಿ, ಅವಳಿನ್ನೂ ಚಿಕ್ಕೋಳು. ನಾಳೆ ಬಸ್ರಿ ಬಾಣಂತಿ ಆಗೋಳು, ಬುಟ್ಟಿ ಹೊರೋಳು. ಅವಳ ಮೂಳೆ ಯಾಕೆ ಮುರೀತೀರಿ? ನಂದು ತಗೊಳ್ಳಿ” ಎಂದರು. ಹೇಳುತ್ತಾ ಸೆರಗು ಸರಿಸಿ ತಮ್ಮ ಪಕ್ಕೆಯನ್ನು ಮುಟ್ಟಿ ತೋರಿಸಿಯೂ ಬಿಟ್ಟರು.

ಡಾಕ್ಟರು ಬೇಡವೆಂದು ಕೈಯಾಡಿಸಿದರು. “ಇನ್ನೊಬ್ಬರದು ಅವಳ ಮೈಗೆ ಒಗ್ಗಲ್ಲಮ್ಮ. ಕರಗಿಹೋದ್ರೂ ಹೋಯ್ತು. ಅವಳದ್ದೇ ಆದ್ರೆ ಮೈ ಅದನ್ನ ತನ್ನದೂಂತ ಇಟ್ಕೊಳ್ಳತ್ತೆ. ಒಂದು ಸಣ್ಣ ತುಂಡು ತೆಗೆದ್ರೆ ಬುಟ್ಟಿ ಹೊರೋಕೆ ಏನೂ ತೊಂದ್ರೆ ಆಗಲ್ಲ, ಹೆದರ್ಬೇಡಿ” ಎಂದರು.

“ಹಂಗಾದ್ರೆ ಅವಳನ್ನೇ ಕೇಳಿ” ಎಂದು ಅತ್ತೆ ನನ್ನ ಕಡೆ ತಿರುಗಿದರು.

ಹೆದರಿಕೆ ಇತ್ತು. ಆದರೂ “ಮಾಡಿ ಸ್ವಾಮಿ” ಎಂದೆ.

ಮೂಗಿನ ಮೇಲೆ ಬಟ್ಟೆ ಹಿಡಿದು ಕ್ಲೋರೋಫಾರಂ ಹನಿಸಿದ್ದು, ಸಿಹಿಯಾದ ವಾಸನೆ, ತಲೆ ಗಿರ್ರೆಂದದ್ದು ಇಷ್ಟೇ ನೆನಪು. ಎಚ್ಚರವಾದಾಗ ಮುಖದ ತುಂಬ ಪಟ್ಟಿ. ತಮಾಷೆಯೆಂದರೆ, ನೋವೆಲ್ಲ ಪಕ್ಕೆಯಲ್ಲಿ! ಕೆಮ್ಮಿದರೆ, ನಕ್ಕರೆ, ಪಕ್ಕೆ ಹಿಡಿದುಕೊಳ್ಳಬೇಕು. ಅದೇ ಹೊತ್ತಿಗೆ ನಮ್ಮ ಯಜಮಾನರು ಬಂದು, “ಎಲ್ಲಿಯ ಮೂಳೆ ಎಲ್ಲಿಗೆ! ಇನ್ಮೇಲೆ ನಿನಗೆ ನೆಗಡಿಯಾದ್ರೆ ಪಕ್ಕೆ ಸೋರತ್ತೇನೋ” ಎಂದುಬಿಟ್ಟರು. ನನಗೆ ನಗು ತಡೆಯಲಾಗದು, ನೋವೂ ತಡೆಯಲಾಗದು. ಅತ್ತೆ ಅವರನ್ನು “ಹೋಗೋ ಆಚೆ, ಹೊಲಿಗೆ ಬಿಚ್ಚೋಗತ್ತೆ” ಎಂದು ಹೊರಗೆ ಅಟ್ಟಿದರು. ಕೀವಾಗದಿರಲಿ ಎಂದು ನಾವೆಲ್ಲ ದಿನದಿನವೂ ದೇವರನ್ನು ಬೇಡಿಕೊಂಡೆವು. ಆಗಲಿಲ್ಲ.

ಪಟ್ಟಿ ಬಿಚ್ಚಿದ ದಿನ ಜಾನಕಮ್ಮನವರೂ ಬಂದಿದ್ದರು, ಕನ್ನಡಿ ತಂದಿದ್ದರು. ಊದಿಕೊಂಡು ಕೆಂಪಗಿತ್ತು, ಹಳೆಯ ಮೂಗಿನ ಹಾಗೆಯೇ ಏನೂ ಇರಲಿಲ್ಲ, ತುಸು ದಪ್ಪ. ಆದರೆ ಹಳ್ಳ ಹೋಗಿತ್ತು. ಹುಬ್ಬಿನಿಂದ ತುದಿಯವರೆಗೆ ದಂಡೆ ನೆಟ್ಟಗೆ ಇಳಿದಿತ್ತು. ನಾನು ಮೂಗು ಮುಟ್ಟಲು ಹೋದರೆ ಅತ್ತೆ ಕೈಗೊಂದು ಏಟು ಕೊಟ್ಟು, ತಾವು ಮಾತ್ರ ಕಣ್ಣೊರೆಸಿಕೊಂಡರು. ಉಸಿರಾಟ ಪೂರ್ತಿ ಸರಿಹೋಗಲಿಲ್ಲ. ಒಂದು ಹೊಳ್ಳೆ ಈಗಲೂ ಕಟ್ಟುತ್ತದೆ. ಅದಕ್ಕೆ ನನಗೇನೂ ಬೇಸರವಿಲ್ಲ.

ಬಾವು ಇಳಿದ ಮೇಲೆ ಮತ್ತೆ ಬುಟ್ಟಿ ಹೊತ್ತೆ. ಮೊದಮೊದಲು ಜನ ದಿಟ್ಟಿಸಿ ನೋಡುತ್ತಿದ್ದರು, ಮಾತು ಬದಲಿಸುತ್ತಿದ್ದರು. ಆಗ ಒಂದು ದಿನ, ದೇವಸ್ಥಾನದ ಹತ್ತಿರದ ಬೀದಿಯಲ್ಲಿ, ಹೊಸದಾಗಿ ಬಾಡಿಗೆಗೆ ಬಂದವರ ಮನೆಯಿಂದ ಎಳೆಯ ಸೊಸೆಯೊಬ್ಬಳು ಓಡಿಬಂದಳು. ಅಂಗೈ ತುಂಬ ಕಲಸಿದ ಹಿಟ್ಟು.

“ಒಂದು ಮೊಳ ಮಲ್ಲಿಗೆ ಕೊಡಿ. ಅಯ್ಯೋ, ನನ್ನ ಕೈ ನೋಡಿ! ನೀವೇ ಮುಡಿಸಿಬಿಡಿ” ಎಂದು ತಿರುಗಿ ತಲೆ ಬಗ್ಗಿಸಿ ನಿಂತಳು.

ಎಷ್ಟೋ ತಿಂಗಳಿಂದ ಬೇರೆ ಮನೆಯವರು ಯಾರೂ ನನ್ನ ಬೆರಳು ತಮಗೆ ತಾಕಲು ಬಿಟ್ಟಿರಲಿಲ್ಲ. ಅವಳಿಗೆ ನನ್ನ ವಿಷಯ ಒಂದೂ ಗೊತ್ತಿರಲಿಲ್ಲ, ಗೊತ್ತಾಗುವಂಥದ್ದು ನನ್ನ ಮುಖದಲ್ಲೂ ಉಳಿದಿರಲಿಲ್ಲ. ಜಡೆಗೆ ಮಲ್ಲಿಗೆ ಸಿಕ್ಕಿಸಿ, ಜಾರದ ಹಾಗೆ ನಿಧಾನವಾಗಿ ಒತ್ತಿದೆ. “ಸರಿಯಾಗಿದೆಯಾ?” ಎಂದು ಕೇಳಿದಳು. “ಚೆನ್ನಾಗಿದೆ ತಾಯಿ” ಎಂದೆ.

ಈಗ ಮೊಮ್ಮಕ್ಕಳನ್ನು ಕಂಡಿದ್ದೇನೆ. ನಾನು ಹೇಳಿದ್ದನ್ನು ಮಗಳು ಬರೆದುಕೊಟ್ಟಿದ್ದಾಳೆ. ಬದುಕಿನಲ್ಲಿ ಸಂತೋಷದ ದಿನ ಯಾವುದು ಎಂದು ಯಾರಾದರೂ ಕೇಳಿದರೆ ಮದುವೆಯ ದಿನ ಎನ್ನಬೇಕು, ಮಗ ಹುಟ್ಟಿದ ದಿನ ಎನ್ನಬೇಕು. ನನಗೆ ಮಾತ್ರ ಮೊದಲು ಕಣ್ಣಿಗೆ ಬರುವುದು ಹಿಟ್ಟಿನ ಕೈ ಚಾಚಿಕೊಂಡು ನನ್ನ ಮುಂದೆ ತಲೆ ಬಗ್ಗಿಸಿದ ಆ ಹುಡುಗಿ.