ಕಿರಾಣಿಯೊಳಗೆ ಮಂದಿ ಹುಡುಕುತ್ತಿದ್ದ ಉಳ್ಳಾಗಡ್ಡಿ ಸರ್

ಇಲ್ಲ... ನಂಬಲಿಕ್ಕೇ ಆಗುತ್ತಿಲ್ಲ.
ನಿನ್ನೆ ಸಂಜೆ ಬ್ಯಾಗ್ ಹೆಗಲಿಗೇರಿಸಿ "ನಾಳೆ ಬರ್ತೇನ್ರಿ ಗಿರಿಜವ್ವ" ಎಂದು ನನಗೆ ಹೇಳಿ ಹೋದ ಮನುಷ್ಯ...
ಬೆಳಗ್ಗೆ ಅವರ ಮಗಳ ಫೋನು. ಹಾರ್ಟ್ ಅಟ್ಯಾಕ್.
ತಪ್ಪು ಕೇಳಿಸಿಕೊಂಡೆನೇನೋ ಎಂದು ತಿರುಗಿ ನಾನೇ ಫೋನ್ ಮಾಡಿದೆ.
ಖರೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ...
ಶಿವಪ್ಪ ಉಳ್ಳಾಗಡ್ಡಿ ಸರ್. ಹೌದು, ಈರುಳ್ಳಿಯೇ ಅವರ ಅಡ್ಡಹೆಸರು. ಬಾಗಲಕೋಟೆಯ ನಮ್ಮ ಹುಡುಗಿಯರ ಹಾಸ್ಟೆಲ್ ಆಫೀಸಿನಲ್ಲಿ ನನ್ನ ಎದುರು ಕೂರುತ್ತಿದ್ದವರು.
ಕಂಪ್ಯೂಟರ್ ಎಂದರೆ ಮೂಗು ಮುರಿಯುತ್ತಿದ್ದ ನನಗೆ ಮ್ಯಾಕ್ರೋ ಎಂಬ ಪದ ಕಲಿಸಿದವರು.

ನಮ್ಮ ಇನ್‌ಬಾಕ್ಸ್ ಎಂದರೆ ಸಂತೆ.
ಸೀಟು ಕೇಳುವ ಹುಡುಗಿಯರ ಅರ್ಜಿ, ಅಡುಗೆಮನೆಗೆ ದಿನಸಿ ಕೊಡುವ ಅಂಗಡಿಗಳ ರೇಟು... ಎಲ್ಲ ಒಂದರ ಮೇಲೊಂದು.
ಹುಡುಕಿ ಹುಡುಕಿ ನನ್ನ ಬಾಯಿ ಜೋರಾಗುತ್ತಿತ್ತು.
ಆ ವಟವಟ ತಾಳಲಾರದೆ ಸರ್ ಒಂದು ಮ್ಯಾಕ್ರೋ ಬರೆದರು. ಕೆಲವೇ ಸಾಲು. ಬಟನ್ ಒತ್ತಿದರೆ ಉಳಿದದ್ದು ಕಂಪ್ಯೂಟರೇ ಮಾಡುತ್ತದೆ.
ಮೇಲ್‌ನಲ್ಲಿ ಅಕ್ಕಿ, ಬೆಲ್ಲ, ಮೆಣಸಿನಕಾಯಿ ಎಂದು ಸಿಕ್ಕರೆ 'ಕಿರಾಣಿ' ಫೋಲ್ಡರಿಗೆ. ಉಳಿದವು ಊರಿನ ಪ್ರಕಾರ... ಇಳಕಲ್, ಬಾದಾಮಿ, ಹುನಗುಂದ.
ಸಂತೆ ಖಾಲಿ! ಆ ಖುಷಿಗೆ ನಾನೇ ಚಹಾ ತರಿಸಿದೆ.

ಸರ್, ಹೋದ ವರ್ಷ ಅರ್ಜಿಯ ಕೊನೆಯ ದಿನ ನೆನಪಿದೆಯಾ?
ಇಳಕಲ್‌ನಿಂದ ಒಬ್ಬ ತಾಯಿ ಮಗ್ಗ ನಿಲ್ಲಿಸಿ, ಮಗಳನ್ನು ಕರೆದುಕೊಂಡು ಬಂದಿದ್ದರು.
"ಮೇಲ್ ಮಾಡೇವ್ರಿ, ಜವಾಬ ಬಂದಿಲ್ಲ. ಇಲ್ಲಿ ಸೀಟ ಸಿಗಲಿಲ್ಲಂದ್ರ ಇಕಿ ಕಾಲೇಜ್ ಬಿಡೂದ ಐತ್ರಿ."
ಇಳಕಲ್ ಫೋಲ್ಡರಿನಲ್ಲಿ ಎರಡೆರಡು ಸಲ ನೋಡಿದೆ. ಇಲ್ಲ. ಹುಡುಗಿಯ ಕಣ್ಣಲ್ಲಿ ನೀರು.
ನೀವು ಕೇಳಿದಿರಿ... "ನಿನ್ನ ಹೆಸರೇನವಾ?"
"ಸವಿತಾ ಮೆಣಸಿನಕಾಯ್ರಿ."

ನೀವು ಕಿರಾಣಿ ಫೋಲ್ಡರ್ ತೆರೆದಿರಿ. ಇದ್ದಳು. ಎರಡು ಅಂಗಡಿಯ ಮೆಣಸಿನಕಾಯಿ ರೇಟಿನ ನಡುವೆ!
"ಅಯ್ಯ ನನ್ನವ್ವ, ನಿನ್ನ ಕಿರಾಣ್ಯಾಗ ಹಾಕೇನಲ್ಲ! ಉಳ್ಳಾಗಡ್ಡಿ ಅಂತ ಅಡ್ಡಹೆಸರ ಇಟ್ಕೊಂಡೂ ನನಗ ಹೊಳೀಲಿಲ್ಲ ನೋಡು!"
ಅಳುತ್ತಿದ್ದ ಹುಡುಗಿ ನಕ್ಕುಬಿಟ್ಟಳು. ಮೇಲ್ ಸಮಯಕ್ಕೆ ಬಂದಿತ್ತು, ಸೀಟೂ ಸಿಕ್ಕಿತು.
ಮುಂದಿನ ಸಲ ಬರುವಾಗ ಆ ತಾಯಿ ಅಮೀನಗಡದಲ್ಲಿ ಬಸ್ ನಿಂತಾಗ ಕರದಂಟು ಕೊಂಡು ತಂದರು. ಶುಗರ್ ಇದ್ದೂ ಅರ್ಧ ನೀವೇ ತಿಂದಿರಿ... ನಾನು ನೋಡಿದ್ದೇನೆ.

ಆಮೇಲೆ ಮ್ಯಾಕ್ರೋಗೆ ಇನ್ನೊಂದು ಸಾಲು ಸೇರಿಸಿದಿರಿ. ಕೆಲಸ ಮುಗಿದ ಕೂಡಲೇ ಪರದೆಯ ಮೇಲೆ ಒಂದು ಸಣ್ಣ ಬಾಕ್ಸ್...
"ಕಿರಾಣ್ಯಾಗ ಮಂದಿ ಅದಾರೇನ ನೋಡ್ರಿ."
"ಅದನ್ನೂ ಕಂಪ್ಯೂಟರಿಗೇ ಕಲಿಸ್ರಲ್ಲ ಸರ್" ಎಂದೆ.
"ಯಾವುದು ಮೆಣಸಿನಕಾಯಿ, ಯಾವುದು ಮನಿ ಮಗಳು ಅಂತ ಅದಕ್ಕ ಹೆಂಗ ತಿಳೀತೈತ್ರಿ? ಅದು ನಮ್ಮ ಕೆಲ್ಸ."

ಎಷ್ಟು ತೃಪ್ತ ಜೀವ ನಿಮ್ಮದು ಸರ್... ಒಬ್ಬ ಹುಡುಗಿಗೆ ಸೀಟು ಸಿಕ್ಕರೆ ವಾರವೆಲ್ಲ ಹಾಡು ಗುನುಗುತ್ತಿದ್ದಿರಿ. ನಿಮ್ಮ ಎದುರು ಕೂತು ದುಡಿದದ್ದು ನನ್ನ ಪುಣ್ಯ.

ಇವತ್ತು ಸಂಜೆ ಸರ್ ಅವರ ಊರು ತುಳಸಿಗೇರಿಯಲ್ಲಿ ಮಣ್ಣು. ಬರುವವರು ಬನ್ನಿ.
ಹೊರಡುವ ಮೊದಲು ಆಫೀಸಿಗೆ ಬಂದೆ. ಈ ವರ್ಷದ ಅರ್ಜಿಗೆ ಇವತ್ತೇ ಕೊನೆ... ರಜೆ ಹಾಕಿದರೆ ನೀವೇ ಬೈಯುತ್ತಿದ್ದಿರಿ ಸರ್.
ಬಟನ್ ಒತ್ತಿದೆ. ಬಾಕ್ಸ್ ಬಂತು. ನಿಮ್ಮ ಮಾತು.
ಓದಲಾಗಲಿಲ್ಲ... ಕಣ್ಣು ತುಂಬಿತ್ತು. ಒರೆಸಿಕೊಂಡು ಕಿರಾಣಿ ತೆರೆದು ನೋಡಿದೆ.

ಒಬ್ಬಳಿದ್ದಳು ಸರ್.
ಬಾದಾಮಿಯ ಹುಡುಗಿ. ಅಡ್ಡಹೆಸರು ಬೆಲ್ಲದ.
ಹೊರಗೆ ತಂದಿದ್ದೇನೆ.

ನಿಶ್ಚಿಂತೆಯಿಂದ ಹೋಗಿ ಬನ್ನಿ...
ನಿಮ್ಮ ಜೀವ ತಣ್ಣಗಿರಲಿ. 🙏