ತಲೆ ತಿರುಗಿದ ವರ್ಷದ ನೆಲ್ಲಿ ಚಟ್ಟು

ನಮ್ಮ ಕಡೆ 'ತಲೆ ತಿರುಗುವುದು' ಎಂಬ ಮಾತಿಗೆ ಎರಡು ಅರ್ಥ. ಒಂದು ಕಾಯಿಲೆ, ಇನ್ನೊಂದು ಸೊಕ್ಕು. ಮೊದಲನೆಯದಾದರೆ ಅಕ್ಕಪಕ್ಕದವರು ನಿಂಬೆಹಣ್ಣಿನ ಪಾನಕ ಮಾಡಿಕೊಂಡು ಬರುತ್ತಾರೆ. ಎರಡನೆಯದಾದರೆ ಏನನ್ನೂ ತರುವುದಿಲ್ಲ, ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ದಸರಾ ರಜೆ ಮುಗಿದು ಶಾಲೆ ಶುರುವಾದ ವಾರ ಒಂದು ಬೆಳಿಗ್ಗೆ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದೆ. ಆಫ್ ಆಗಿದ್ದ ಫ್ಯಾನು ತಿರುಗುತ್ತಿತ್ತು. ಫ್ಯಾನಿನ ಹಿಂದೆ ಸೂರು, ಸೂರಿನ ಹಿಂದೆ ಬೀರು, ಬೀರುವಿನ ಹಿಂದೆ ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದ ನಮ್ಮನೆಯವರು, ಹೀಗೆ ಎಲ್ಲವೂ ಮೆರವಣಿಗೆ ಹೊರಟಂತೆ ಸುತ್ತತೊಡಗಿದವು.

"ರೀ, ನಂಗೆ ತಲೆ ತಿರುಗ್ತೈತೆ" ಎಂದೆ.

"ಯಾವಾಗಿಂದ?" ಎಂದು ಕೇಳಿದರು. ಇಷ್ಟು ವರ್ಷ ಸಂಸಾರ ಮಾಡಿದವರಿಗೆ ಆ ಪ್ರಶ್ನೆಗೆ ತಮ್ಮದೇ ಆದ ಉತ್ತರ ಇದ್ದಿರಬಹುದು. ಹೇಳದೆ ಇದ್ದದ್ದು ಅವರ ದೊಡ್ಡತನ.

ನಾನು ನ್ಯಾಮತಿಯ ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಮನೆ ಹೊನ್ನಾಳಿಯಲ್ಲಿ. ನಮ್ಮನೆಯವರು, ಬಸಣ್ಣ, ಬಸ್ ಸ್ಟ್ಯಾಂಡಿನ ಹತ್ತಿರ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದಾರೆ. ಮಗಳು ದಾವಣಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಾಳೆ. ಬೆಳಿಗ್ಗೆ ಎದ್ದು ಮನೆಕೆಲಸ ಮುಗಿಸಿ, ರಸ್ತೆಯ ಅರ್ಧಭಾಗಕ್ಕೆ ಮೆಕ್ಕೆಜೋಳ ಒಣಹಾಕಿರುವ ಈ ದಿನಗಳಲ್ಲಿ ಉಳಿದರ್ಧದಲ್ಲೇ ಓಲಾಡುತ್ತ ಹೋಗುವ ಬಸ್ಸಿನಲ್ಲಿ ನಿಂತು ಶಾಲೆ ಮುಟ್ಟಿ, ಪಾಠ ಹೇಳಿ, ಯಾರೂ ಸರಿಯಾಗಿ ಮಾಡುವುದಿಲ್ಲವೆಂದು ಬಿಸಿಯೂಟದ ಉಸ್ತುವಾರಿಯನ್ನೂ ನಾನೇ ನೋಡಿ, ಸಂಜೆ ಮನೆಗೆ ಬಂದು ಮತ್ತೆ ಒಲೆ ಹಚ್ಚುತ್ತಿದ್ದೆ. ಸಾಲದ್ದಕ್ಕೆ ಹೆಡ್‌ಮಾಸ್ತರರು ನಿವೃತ್ತರಾಗುವವರಿದ್ದರು. ಅವರ ಚಾರ್ಜನ್ನೂ ವಹಿಸಿಕೊಳ್ಳುತ್ತೇನೆಂದು ರಜೆಗೆ ಮುಂಚೆಯೇ ಒಪ್ಪಿಕೊಂಡಿದ್ದೆ. ಇದನ್ನೆಲ್ಲ ತೂಗಿಸಿಕೊಂಡು ಹೋಗುತ್ತಿದ್ದೇನೆ ಎಂದು ನನಗೆ ನನ್ನ ಮೇಲೇ ಒಂದು ಮೆಚ್ಚುಗೆ ಇತ್ತು.

ದಾವಣಗೆರೆಯ ಕಿವಿ ಡಾಕ್ಟರು ಆ ಮೆಚ್ಚುಗೆಯನ್ನು ಸ್ವಲ್ಪ ಇಳಿಸಿದರು. ಕಟ್ಟಡ ಕಟ್ಟುವವರು ಗೋಡೆಯ ಮೇಲೆ ರಸಮಟ್ಟ ಇಟ್ಟು ನೋಡುತ್ತಾರಲ್ಲ, ಅಂಥದೇ ಒಂದು ಏರ್ಪಾಟು ಕಿವಿಯ ಒಳಗೂ ಇದೆಯಂತೆ. ಅದರಲ್ಲಿರುವ ಸಣ್ಣ ಹರಳುಗಳು ಜಾಗ ಬಿಟ್ಟು ಸರಿದಿವೆಯಂತೆ. ನನ್ನನ್ನು ಮಲಗಿಸಿ, ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿ, ಮಾತ್ರೆ ಬರೆದುಕೊಟ್ಟರು. "ಬಗ್ಗಬ್ಯಾಡ್ರಿ, ಮೇಲೆ ನೋಡಬ್ಯಾಡ್ರಿ. ಸ್ವಲ್ಪ ದಿನ ಬಸ್ಸೂ ಬ್ಯಾಡ. ಹೆದರಾಕೆ ಏನೂ ಇಲ್ಲ, ಸರಿಹೋಗುತ್ತೆ" ಎಂದರು.

ಬಗ್ಗಬೇಡ, ಮೇಲೆ ನೋಡಬೇಡ ಎಂದರೆ ಏನರ್ಥವೆಂದು ಮನೆಗೆ ಬಂದ ಮೇಲೆ ಗೊತ್ತಾಯಿತು. ಹೆಂಗಸಿನ ಸಂಸಾರವೆಲ್ಲ ಇರುವುದು ಸೊಂಟದ ಕೆಳಗೆ ಮತ್ತು ನೆತ್ತಿಯ ಮೇಲೆ. ಪೊರಕೆ, ಕುಕ್ಕರು, ಬಕೆಟ್ಟು, ಸಿಲಿಂಡರು ಕೆಳಗೆ. ಬೇಳೆ ಡಬ್ಬಿ, ಒಣಹಾಕಿದ ಬಟ್ಟೆ ಮೇಲೆ. ಕಣ್ಣಿನ ಮಟ್ಟದಲ್ಲಿ ನೇರವಾಗಿ ನೋಡಿ ಮಾಡಬಹುದಾದ ಕೆಲಸ ನಮ್ಮ ಮನೆಯಲ್ಲಿ ಒಂದೇ, ಟೀವಿ ನೋಡುವುದು.

ಇಂಥ ಹೊತ್ತಿನಲ್ಲಿ ಬಸವಾಪಟ್ಟಣದಿಂದ ನೆಲ್ಲಿಕಾಯಿ ಬಂತು. ತವರುಮನೆಯ ಹಿತ್ತಿಲ ಮರದ್ದು. ದೀಪಾವಳಿಯ ಆಸುಪಾಸಿನಲ್ಲಿ ತಮ್ಮ ಕಾಯಿ ಇಳಿಸಿ, ಚೀಲ ಕಟ್ಟಿ, ಬಸ್ಸಿಗೆ ಹಾಕಿ ಕಳಿಸುತ್ತಾನೆ. ನಾನು ಅದರಲ್ಲಿ ಚಟ್ಟು ಹಾಕುತ್ತೇನೆ. ನೆಲ್ಲಿಕಾಯಿ ಜಜ್ಜಿ, ಬೀಜ ತೆಗೆದು, ಉಪ್ಪು, ಅರಿಶಿನ, ಹಸಿಮೆಣಸಿನಕಾಯಿ, ಹುರಿದು ಪುಡಿ ಮಾಡಿದ ಮೆಂತ್ಯ, ಇಂಗು ಸೇರಿಸಿ, ಎಣ್ಣೆ ಒಗ್ಗರಣೆ ಆರಿಸಿ ಸುರಿದು ಜಾಡಿಗೆ ತುಂಬಿದರೆ ವರ್ಷವಿಡೀ ರೊಟ್ಟಿಗೂ ಆಯಿತು, ಮೊಸರನ್ನಕ್ಕೂ ಆಯಿತು. ನಾನು ಗಣಿತದವಳಾದ್ದರಿಂದ ಇಷ್ಟು ಕಾಯಿಗೆ ಇಷ್ಟು ಉಪ್ಪು ಎಂದು ತಕ್ಕಡಿಯಲ್ಲಿ ತೂಗಿಯೇ ಹಾಕುವುದು. ನಮ್ಮ ಸ್ಟಾಫ್ ರೂಮಿನಲ್ಲಿ ಆ ಚಟ್ಟಿಗೆ ಹೆಸರಿದೆ. ಆ ಹೆಸರು ಕೇಳುವುದು ನನಗೆ ಇಷ್ಟ.

"ಈ ವರ್ಷ ಬಿಟ್ಟುಬಿಡು. ಪಕ್ಕದ ಮನೆಯವರಿಗೆ ಕೊಡಾಣ" ಎಂದರು ನಮ್ಮನೆಯವರು. ಆಗಲಿ ಎಂದೆ. ಅವರು ಅಂಗಡಿಗೆ ಹೋದರು. ನಾನು ಎದ್ದು ಬಾಗಿಲಿನ ಮೇಲಿನ ಚಿಲಕ ಹಾಕಿಕೊಂಡೆ. ಯಾರಾದರೂ ಬಂದು ನೋಡಿ ಅವರಿಗೆ ಹೇಳಿಬಿಟ್ಟರೆ ಎಂಬ ಮುನ್ನೆಚ್ಚರಿಕೆ.

ಕಾಯಿ ತೊಳೆದು ಒರೆಸಿ ಬುಟ್ಟಿಗೆ ಹಾಕುವ ಮೊದಲ ಭಾಗ ಚೆನ್ನಾಗಿಯೇ ನಡೆಯಿತು. ಮಾತ್ರೆ ನುಂಗಿದ್ದೆ, ಧೈರ್ಯ ಬಂದಿತ್ತು. ಒಗ್ಗರಣೆ ಆರಬೇಕಲ್ಲ ಎಂದು ಮೊದಲೇ ಎಣ್ಣೆ ಕಾಯಲು ಇಟ್ಟು, ಅಷ್ಟರಲ್ಲಿ ಜಾಡಿ ತೆಗೆದುಕೊಳ್ಳೋಣವೆಂದು ಕೆಳಗಿನ ಗೂಡಿಗೆ ಬಗ್ಗಿದೆ. ಮುಂದಿನದು ನನಗೆ ತುಂಡುತುಂಡಾಗಿ ನೆನಪಿದೆ. ನೆಲ ಎದ್ದು ಬಂದು ನನ್ನ ಭುಜಕ್ಕೆ ಬಡಿಯಿತು. ಕೈ ತಗಲಿ ಬುಟ್ಟಿ ಉರುಳಿತು. ನೆಲ್ಲಿಕಾಯಿಗಳು ಅಡುಗೆಮನೆಯ ತುಂಬ ಉರುಳುತ್ತಿದ್ದವು, ಅಥವಾ ಅವು ನಿಂತಿದ್ದು ಅಡುಗೆಮನೆಯೇ ಉರುಳುತ್ತಿತ್ತು. ಎದ್ದರೆ ಬೀಳುತ್ತಿದ್ದೆ, ಕಣ್ಣು ಮುಚ್ಚಿದರೆ ಇನ್ನೂ ಜೋರಾಗಿ ಸುತ್ತುತ್ತಿತ್ತು.

ಆಮೇಲೆ ಎಣ್ಣೆಯ ವಾಸನೆ ಬಂತು. ಕಾದು ಹೊಗೆಯಾಡುವ ವಾಸನೆ. ಒಲೆ ಆರಿಸುವ ತಿರುಪು ಕಟ್ಟೆಯ ಮೇಲಿತ್ತು, ಅದು ಆ ಹೊತ್ತಿಗೆ ನನಗೆ ಗುಡ್ಡದ ಮೇಲಿದ್ದಂತೆ. ಹೊಗೆ ದಟ್ಟವಾಗುತ್ತಿತ್ತು. ಬಾಗಿಲ ಚಿಲಕ ನಾನೇ ಹಾಕಿದ್ದೆ. ಕೂಗಿದರೂ ಯಾರೂ ಒಳಗೆ ಬರುವ ಹಾಗಿರಲಿಲ್ಲ. ನಿಜವಾಗಿ ಭಯವಾದದ್ದು ಆಗ. ಕೊನೆಗೆ ಹೊಳೆಯಿತು, ಸಿಲಿಂಡರು ಕೆಳಗಿದೆಯಲ್ಲ ಎಂದು. ಹೊಟ್ಟೆಯ ಮೇಲೆ ತೆವಳುತ್ತ, ನೆಲ್ಲಿಕಾಯಿಗಳನ್ನು ಮೊಣಕೈಯಿಂದ ಸರಿಸುತ್ತ, ಕಟ್ಟೆಯ ಕೆಳಗೆ ಕೈ ಚಾಚಿ ರೆಗ್ಯುಲೇಟರ್ ತಿರುಗಿಸಿದೆ. ಒಲೆ ಆರಿತು. ಹಾಗೇ ಸಿಲಿಂಡರನ್ನು ತಬ್ಬಿಕೊಂಡು ಮಲಗಿದೆ. ಅದು ತಣ್ಣಗಿತ್ತು, ಅಲುಗಾಡುತ್ತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದ ನಮ್ಮನೆಯವರಿಗೆ ಬಾಗಿಲು ತೆಗೆಯಲು ಗೋಡೆ ಹಿಡಿದುಕೊಂಡು ಎಷ್ಟೋ ಹೊತ್ತಿಗೆ ಹೋದೆ. ಅವರು ನನ್ನನ್ನು ನೋಡಿದರು, ಹೊಗೆ ಮೂಸಿದರು, ಅಡುಗೆಮನೆ ನೋಡಿದರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಮಂಡಿಯೂರಿ ಕೂತು ನೆಲ್ಲಿಕಾಯಿ ಆರಿಸತೊಡಗಿದರು. ಒಂದೊಂದನ್ನೂ ಒರೆಸಿ ಬುಟ್ಟಿಗೆ ಹಾಕಿದರು. ಬೈದಿದ್ದರೆ ಚೆನ್ನಾಗಿತ್ತು. ಬುಟ್ಟಿ ತುಂಬಿದ ಮೇಲೆ ಜಗಳೂರಿಗೆ, ನನ್ನ ಅಕ್ಕನಿಗೆ ಫೋನ್ ಮಾಡಿದರು.

ಅಕ್ಕ ಮತ್ತು ಭಾವ ಜಗಳೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಗಿರಣಿ ಬಿಟ್ಟು ಬರಲಾಗುವುದಿಲ್ಲವೆಂದು ಅಕ್ಕ ಎಷ್ಟೋ ವರ್ಷದಿಂದ ನಮ್ಮ ಮನೆಗೆ ಬಂದು ಉಳಿದಿರಲಿಲ್ಲ. ಬಂದರೂ ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದಳು. ಈ ಸಲ ಮಾರನೇ ದಿನವೇ ಬಂದಳು. ಬಟ್ಟೆಯ ಚೀಲ ಒಂದು ಕೈಯಲ್ಲಿ, ಅಲ್ಲಿಯ ಗುಡ್ಡದ ಸೀತಾಫಲದ ಚೀಲ ಇನ್ನೊಂದು ಕೈಯಲ್ಲಿ.

"ಇವನ್ನ ಹಾಕಿಡಾಕೆ ಬರಲ್ಲ, ಹಣ್ಣಾದಂಗೆ ತಿಂದು ಮುಗಿಸ್ಬೇಕು" ಎಂದು ಸೀತಾಫಲ ಒಳಗಿಟ್ಟು, ಸೆರಗು ಸಿಕ್ಕಿಸಿ, "ಎಲ್ಲಿ ನೆಲ್ಲಿಕಾಯಿ? ಬಸಣ್ಣಾರೆ, ನೀವೂ ಬರ್ರಿ" ಎಂದಳು.

ನನ್ನನ್ನು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿಯ ಮೇಲೆ ಕೂರಿಸಿದರು. ಅವರಿಬ್ಬರು ನೆಲದ ಮೇಲೆ. ಕೆಳಗೆ ನೋಡುವ ಹಾಗಿಲ್ಲವಾದ್ದರಿಂದ ನನಗೆ ಕಂಡದ್ದು ಎದುರಿನ ಗೋಡೆ ಮಾತ್ರ. ಚಟ್ಟು ಹಾಕುವುದನ್ನು ನಾನು ರೇಡಿಯೋದಲ್ಲಿ ಕ್ರಿಕೆಟ್ ಕೇಳಿದಂತೆ ಕೇಳಬೇಕಾಯಿತು. ಜಜ್ಜುವ ಸದ್ದು. ಬೀಜ ತಟ್ಟೆಗೆ ಬೀಳುವ ಸದ್ದು. ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದ ಸದ್ದು. ಆಮೇಲೆ ತಕ್ಕಡಿಯ ಸದ್ದು ಬರಬೇಕು. ಬರಲಿಲ್ಲ.

"ಅಕ್ಕಾ, ಉಪ್ಪು ತೂಗಿದ್ಯಾ?"

"ತೂಗಿದೆ."

"ಯಾವುದ್ರಾಗೆ?"

"ಕೈಯಾಗೆ."

ನಮ್ಮನೆಯವರು ನಕ್ಕರು. ನನಗೆ ನಗು ಬರಲಿಲ್ಲ. "ಉಪ್ಪು ಕಮ್ಮಿಯಾದ್ರೆ ಬೂಷ್ಟು ಬರುತ್ತೆ, ವರ್ಷದ್ದೆಲ್ಲಾ ಹಾಳಾಗುತ್ತೆ. ಒಂದ್ಸಲ ತೂಗಿಬಿಡಕ್ಕ. ಮೆಂತ್ಯ ಕೆಂಪಗೆ ಹುರಿದೀಯ ತಾನೆ? ಆ ಸೌಟು ಒದ್ದೆ ಇಲ್ವಲ್ಲ?" ಎಂದು ಗೋಡೆಗೆ ಪಾಠ ಹೇಳುತ್ತಲೇ ಹೋದೆ.

ಸೌಟನ್ನು ತಟ್ಟೆಗೆ ಇಟ್ಟ ಸದ್ದು ಬಂತು.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕಬ್ಯಾಡ" ಎಂದಳು ಅಕ್ಕ. ದನಿ ಏರಿರಲಿಲ್ಲ. "ಗಿರಣಿ ನೆಪ ಕಣವ್ವ. ನಿಮ್ ಭಾವ ಒಬ್ರೇ ನೋಡ್ಕಂತಾರೆ. ಇಲ್ಲಿಗೆ ಬಂದ್ರೆ ನಾನು ಏನು ಮಾಡಿದ್ರೂ ನೀನು ಹಿಂದೇನೆ ಬಂದು ಇನ್ನೊಂದ್ಸಲ ಮಾಡ್ತೀಯ. ಲೋಟ ತೊಳೆದಿಟ್ರೆ ಮತ್ತೆ ತೊಳೀತೀಯ. ಹಾಸಿಗೆ ಮಡಚಿಟ್ರೆ ಬಿಚ್ಚಿ ಮಡಚ್ತೀಯ. ನನ್ ಕೈ ಅಷ್ಟು ಕೆಟ್ಟದ್ದಾ ಅನ್ಸುತ್ತೆ. ಅದಕ್ಕೇ ಸಂಜೆ ಬಸ್ಸಿಗೆ ಹೊರಟುಬಿಡ್ತಿದ್ದೆ."

ತಿರುಗಿ ನೋಡಬಾರದಿತ್ತು. ಆದರೆ ಅಂಥ ಮಾತು ಹೇಳಿದ ಅಕ್ಕನ ಮುಖ ನೋಡದೆ ಇರುವುದು ಹೇಗೆ? ತಿರುಗಿದೆ, ತಕ್ಷಣ ಮನೆಯೂ ತಿರುಗಿತು. ಕುರ್ಚಿಯಿಂದ ಜಾರುತ್ತಿದ್ದೆ. ಅಕ್ಕ ಎದ್ದು ಬಂದು ಎರಡೂ ಭುಜ ಹಿಡಿದುಕೊಂಡಳು. ಅವಳ ಕೈಯ ಉಪ್ಪು, ಅರಿಶಿನವೆಲ್ಲ ನನ್ನ ಬಟ್ಟೆಗೆ ಮೆತ್ತಿಕೊಂಡಿತು.

"ಕಣ್ಣು ಮುಚ್ಚಬ್ಯಾಡ. ನನ್ ಮೂಗುಬೊಟ್ಟು ನೋಡು. ಅದನ್ನೊಂದೇ ನೋಡು."

ನೋಡಿದೆ. ಮೊದಲು ಅದೂ ಸುತ್ತಿತು. ಆಮೇಲೆ ನಿಧಾನವಾಗಿ ಮೂಗುಬೊಟ್ಟು ನಿಂತಿತು, ಮೂಗು ನಿಂತಿತು, ಅಕ್ಕನ ಮುಖ ನಿಂತಿತು. ಅವಳ ಕಣ್ಣು ಒದ್ದೆಯಾಗಿದ್ದವು. ನನ್ನವೂ. ನಮ್ಮನೆಯವರು ಮಾತ್ರ ತಲೆ ಎತ್ತದೆ ನೆಲ್ಲಿಕಾಯಿ ಜಜ್ಜುತ್ತಲೇ ಇದ್ದರು. ಅಕ್ಕತಂಗಿಯರ ಮಧ್ಯೆ ಮಾತಾಡಬಾರದೆಂಬ ತಿಳಿವಳಿಕೆ ಅವರಿಗಿದೆ.

"ಎಷ್ಟು ಉಪ್ಪು ಬೇಕೋ ಅಷ್ಟು ಹಾಕಕ್ಕ" ಎಂದೆ. ಕ್ಷಮೆ ಕೇಳುವುದು ನಮ್ಮ ಮನೆತನದಲ್ಲಿ ರೂಢಿಯಿಲ್ಲ, ಅಷ್ಟರಲ್ಲೇ ಅರ್ಥಮಾಡಿಕೊಳ್ಳಬೇಕು. ಅವಳು ಮಾಡಿಕೊಂಡಳು.

ಕುರ್ಚಿಯಲ್ಲಿ ಕೂತವರಿಗೆ ಯೋಚನೆಗೆ ಬಿಡುವು ಹೆಚ್ಚು. ನಾನು ಮಕ್ಕಳಿಗೆ ವರ್ಷಗಟ್ಟಲೆ 'ಸಮ' ಎಂಬುದನ್ನು ಕಲಿಸಿದ್ದೇನೆ. ಈ ಕಡೆ ಎಷ್ಟೋ ಆ ಕಡೆಯೂ ಅಷ್ಟೇ, ನಡುವೆ ಎರಡು ಗೆರೆ. ಆದರೆ ಕನ್ನಡದಲ್ಲಿ 'ಹದ' ಎಂದು ಇನ್ನೊಂದು ಮಾತಿದೆ. ನೆಲ ಹದವಾಗಿದೆ ಎನ್ನುತ್ತೇವೆ, ಹದವಾದ ಬಿಸಿಲು ಎನ್ನುತ್ತೇವೆ, ಹಿಟ್ಟು ಹದಕ್ಕೆ ಬಂತು ಎನ್ನುತ್ತೇವೆ. ಅದನ್ನು ತಕ್ಕಡಿ ತೋರಿಸುವುದಿಲ್ಲ, ಮುಟ್ಟಿಯೇ ನೋಡಬೇಕು. ಒಂದು ದಿನದ ಹದ ಇನ್ನೊಂದು ದಿನಕ್ಕೆ ಆಗಿಬರುವುದಿಲ್ಲ. ಮನೆ ಅರ್ಧ, ಶಾಲೆ ಅರ್ಧ ಎಂದು ನಾನು ಸಮ ಮಾಡಲು ಹೊರಟು ಎರಡನ್ನೂ ಪೂರ್ತಿ ಹೊತ್ತುಕೊಂಡಿದ್ದೆ. ಅರ್ಧ ಅರ್ಧ ಕೂಡಿಸಿದರೆ ಒಂದಾಗಬೇಕು, ನನಗೆ ಎರಡಾಗುತ್ತಿತ್ತು. ಎಂಟನೇ ತರಗತಿಯ ಮಕ್ಕಳು ಇಂಥ ಲೆಕ್ಕ ಮಾಡಿದರೆ ಕೆಂಪು ಶಾಯಿಯಲ್ಲಿ ಗೀಚುತ್ತಿದ್ದೆ.

ಅದೇ ವಾರ ಹೆಡ್‌ಮಾಸ್ತರರ ಫೋನು ಬಂತು. "ಆರೋಗ್ಯ ಹೆಂಗೈತೆ ಮೇಡಂ? ಚಾರ್ಜ್ ಯಾವಾಗ ತಗೊಂತೀರಿ?"

"ಸರ್, ಅದನ್ನ ವಿಜ್ಞಾನದ ಮೇಡಂಗೆ ಕೊಡ್ರಿ" ಎಂದೆ.

"ಅವರಿಗೆ ಅಷ್ಟು ಅನುಭವ ಇಲ್ಲವಲ್ರೀ. ತಪ್ಪಾಗ್ತವೆ."

"ಆಗ್ಲಿ ಬಿಡ್ರಿ ಸರ್, ಕಲೀತಾರೆ."

"ಮಾತಾಡ್ತಿರೋದು ಮೇಡಮ್ಮೇ ಹೌದಲ್ರೀ?" ಎಂದರು. ರಾಂಗ್ ನಂಬರಿಗೆ ಮಾಡಿದೆನೋ ಎಂದು ಅವರಿಗೆ ಅನುಮಾನ ಬಂದಿರಬೇಕು.

ಅಕ್ಕ ಸೀತಾಫಲ ಮುಗಿಯುವವರೆಗೂ ಇದ್ದಳು. ಸಂಜೆ ಹೊತ್ತು ಇಬ್ಬರೂ ಜಗುಲಿಯಲ್ಲಿ ಕೂತು ಹಣ್ಣು ಬಿಡಿಸಿ ತಿಂದು ಬೀಜ ಉಗುಳುತ್ತಿದ್ದೆವು. ಅವಳು ತೊಳೆದಿಟ್ಟ ಲೋಟದಲ್ಲಿ ಒಮ್ಮೆ ಕಾಫಿಯ ಕರೆ ಕಂಡಿತು. ಅದರಲ್ಲೇ ನೀರು ಕುಡಿದೆ. ಏನೂ ಆಗಲಿಲ್ಲ.

ಕಿವಿಯ ಹರಳುಗಳೂ ತಮ್ಮ ಜಾಗಕ್ಕೆ ಮರಳಿದವು. ಈಗಲೂ ಕೆಲವು ದಿನ ಬೆಳಿಗ್ಗೆ ದಡಕ್ಕನೆ ಎದ್ದರೆ ಸೂರು ಒಂದು ಸುತ್ತು ಹಾಕಿ ನಿಲ್ಲುತ್ತದೆ. ಚಟ್ಟು ಶುರುವಿನಲ್ಲಿ ಒಂದಿಷ್ಟು ಉಪ್ಪುಪ್ಪಾಗಿತ್ತು, ಸಂಕ್ರಾಂತಿಯ ಹೊತ್ತಿಗೆ ಹೊಂದಿಕೊಂಡಿತು. ಬೂಷ್ಟು ಬರಲಿಲ್ಲ. ಹಾಸ್ಟೆಲಿನಿಂದ ಮಗಳು ಫೋನ್ ಮಾಡಿ, "ಅಮ್ಮ, ಈ ಸಲ ಚಟ್ಟು ಬ್ಯಾರೆ ಥರ ಐತೆ" ಎಂದಳು. ಚೆನ್ನಾಗಿಲ್ಲವೇ ಎಂದು ಕೇಳಿದೆ. "ಚೆನ್ನಾಗೈತೆ ಅಂತಾನೇ ಹೇಳಿದ್ದು" ಎಂದಳು. ಆ ಉತ್ತರ ಜೀರ್ಣವಾಗಲು ನನಗೆ ಸ್ವಲ್ಪ ಸಮಯ ಹಿಡಿಯಿತು.

ಮೊನ್ನೆ ಶಾಲೆಗೆ ಹೋಗುವಾಗ ನಮ್ಮನೆಯವರ ಊಟದ ಡಬ್ಬಿ ಕೊಡಲು ಅಂಗಡಿಗೆ ಹೋದೆ. ಒಳಗೆ ಯಾರೋ ರೈತರು ಸುಟ್ಟುಹೋದ ಮೋಟಾರು ತಂದಿದ್ದರು. ನಮ್ಮನೆಯವರು ಅದನ್ನು ಬಿಚ್ಚುತ್ತ, ಚಟ್ಟು ಹಾಕುವುದು ಹೇಗೆಂದು ಅವರಿಗೆ ವಿವರಿಸುತ್ತಿದ್ದರು. "ನಮ್ಮನೇಲಿ ನಾನೇ ಹಾಕೋದು. ದೊಡ್ಡ ಕೆಲಸ ಏನಲ್ರೀ. ಮೆಂತ್ಯ ಹುರಿಯಾದೇನೂ ಬ್ಯಾಡ, ಹಂಗೇ ಪುಡಿ ಮಾಡಿ ಹಾಕಿಬಿಡ್ರಿ."

ಹುರಿಯದ ಮೆಂತ್ಯ ಹಾಕಿದರೆ ಜಾಡಿಯೆಲ್ಲ ಕಹಿ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ರೈತರ ಮನೆಯಲ್ಲೂ ಮೆಂತ್ಯ ಹುರಿಯಬೇಕೆಂದು ಗೊತ್ತಿರುವವರು ಯಾರಾದರೂ ಇದ್ದೇ ಇರುತ್ತಾರೆ ಎಂದುಕೊಂಡು, ಡಬ್ಬಿ ಮೇಜಿನ ಮೇಲಿಟ್ಟು, ನ್ಯಾಮತಿಯ ಬಸ್ಸು ಹತ್ತಿದೆ. ಸೀಟು ಸಿಕ್ಕಿತು.