ಮೊದಲು ಕೆಂಪು ತರಿಸು ಎಂದ ಅಕ್ಕ

ಅಕ್ಕನ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಚಿಕ್ಕಬಳ್ಳಾಪುರದ ನಮ್ಮ ಪುಟ್ಟ ಆಫೀಸಿನ ಬಾಗಿಲಲ್ಲಿ ಹಾಜರಿ ಹಾಕುವ ಯಂತ್ರವೊಂದಿತ್ತು. ನಾವೆಲ್ಲ ಬೆರಳೊತ್ತಿ ಒಳಗೆ ಹೋದರೆ, ಅವರು ಹತ್ತೂ ಬೆರಳನ್ನು ಒಂದೊಂದಾಗಿ ಒತ್ತಿ ನೋಡಿ, ಕೊನೆಗೆ ನಗುತ್ತಾ ಪುಸ್ತಕದಲ್ಲಿ ಸಹಿ ಹಾಕುತ್ತಿದ್ದರು.

"ಈ ಮಿಷನ್ ಪಾಲಿಗೆ ನಾನಿನ್ನೂ ಹುಟ್ಟೇ ಇಲ್ಲ ಕಣಮ್ಮ."

ಶಿಡ್ಲಘಟ್ಟದ ಅವರ ಮನೆಯ ಹಿಂದೆ ರೇಷ್ಮೆ ನೂಲು ತೆಗೆಯುವ ಶೆಡ್ ಇತ್ತಂತೆ. ಎಂಟನೇ ವಯಸ್ಸಿನಿಂದ ಅಮ್ಮನ ಪಕ್ಕ ಕೂತು, ಬಿಸಿನೀರಲ್ಲಿ ಬೆಂದ ಗೂಡುಗಳ ನಡುವೆ ಎಳೆಯ ತುದಿ ಹುಡುಕಿ ಹುಡುಕಿ ಗೆರೆಗಳೆಲ್ಲ ಸವೆದುಹೋಗಿದ್ದವು. ಆ ಕೈಗಳಲ್ಲೇ ಚಿಂತಾಮಣಿಯಲ್ಲಿ ಡಿಪ್ಲೊಮಾ ಓದಿ, ನಾನು ಸೇರುವ ಹೊತ್ತಿಗೆ ನಲವತ್ತು ದಾಟಿ, ನಮ್ಮ ಟೆಸ್ಟಿಂಗ್ ವಿಭಾಗಕ್ಕೆ ಹಿರಿಯರಾಗಿದ್ದರು. ವಿಭಾಗವೆಂದರೆ ಅವರು ಮತ್ತು ನಾನು, ಇಬ್ಬರೇ.

ನಾನು ನಂದಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಬಿ.ಕಾಂ. ಹುಡುಗಿ. ನಮ್ಮ ಆಫೀಸು ಸಣ್ಣ ನರ್ಸಿಂಗ್ ಹೋಮುಗಳಿಗೆ ಸಾಫ್ಟ್‌ವೇರ್ ಮಾಡುತ್ತಿತ್ತು. ಪ್ರೋಗ್ರಾಮ್ ಬರೆಯುವ ಹುಡುಗರು ಒಂದು ಸಾಲು ಬದಲಾಯಿಸಿದರೂ, ಸುಳ್ಳು ರೋಗಿಗಳ ಹೆಸರು, ವಯಸ್ಸು, ರಕ್ತದ ಗುಂಪು ತುಂಬಿ ಎಲ್ಲವೂ ಸರಿಯಿದೆಯೇ ಎಂದು ಮೊದಲಿನಿಂದ ನೋಡುವುದು ನನ್ನ ಕೆಲಸ. ಮೂರು ತಿಂಗಳಿಗೆ ಸಾಕಾಗಿಹೋಗಿತ್ತು.

ಒಂದು ದಿನ ಅಕ್ಕ ಕುರ್ಚಿ ಎಳೆದುಕೊಂಡು ಬಂದರು. "ಇದನ್ನೆಲ್ಲ ಮಿಷನ್ ಕೈಲೇ ಮಾಡಿಸ್ಬೋದು. ಕಲೀತೀಯೇನಮ್ಮ?"

"ನಂಗೆ ಕೋಡಿಂಗ್ ಬರಲ್ಲ ಅಕ್ಕ."

"ಓದೋಕೆ ಬರುತ್ತಲ್ಲ? ಸಾಕು ಬಾ."

ಅವರು ತೋರಿಸಿದ್ದು ಪರೀಕ್ಷೆಗಳನ್ನು ತಾನೇ ಓಡಿಸುವ ಒಂದು ಓಪನ್ ಸೋರ್ಸ್ ಟೆಸ್ಟಿಂಗ್ ಫ್ರೇಮ್‌ವರ್ಕ್. ಯಾರ ಅಪ್ಪಣೆಯನ್ನೂ ಕೇಳದೆ ಇಳಿಸಿಕೊಳ್ಳಬಹುದು, ಒಳಗೆ ಏನಿದೆಯೆಂದು ಬಿಚ್ಚಿ ನೋಡಬಹುದು. ಅದನ್ನು ಕಂಪ್ಯೂಟರಿಗೆ ಹಾಕಿಕೊಳ್ಳಲು ಕಪ್ಪು ಪರದೆಯಲ್ಲಿ ಒಂದೇ ಒಂದು ಸಾಲು ಟೈಪ್ ಮಾಡಿಸಿದರು. ಎರಡು ಸಲ ತಪ್ಪು ಬಂತು. ನಾನು ಕೈ ಹಿಂದೆಗೆದರೆ, "ಅದೇನು ಹೇಳ್ತಾ ಇದೆ ಓದು, ಬೈತಾ ಇಲ್ಲ ಅದು" ಎಂದರು. ಓದಿದೆ. ಒಂದು ಅಕ್ಷರ ಬಿಟ್ಟಿದ್ದೆ. ಮೂರನೇ ಸಲಕ್ಕೆ ಕೂತಿತು.

ಆಮೇಲೆ ನಾನು ಬರೆದದ್ದು ಆರೇ ಸಾಲು. ಪುಟ ತೆರೆ, ಹೆಸರು ತುಂಬು, ಗುಂಡಿ ಒತ್ತು, ಬಂದ ಹೆಸರು ಅದೇನಾ ನೋಡು. ನನ್ನ ಕಣ್ಣೆದುರೇ ಕಂಪ್ಯೂಟರು ತಾನಾಗಿ ಪುಟ ತೆರೆದು ಹೆಸರು ತುಂಬಿತು. ಎಲ್ಲ ಸರಿಯಿದೆ ಎಂಬ ಹಸಿರು ಬಂತು. ಖುಷಿಗೆ ಚಪ್ಪಾಳೆ ತಟ್ಟಿಬಿಟ್ಟೆ.

ಅಕ್ಕ ನಗಲಿಲ್ಲ. "ಹಸಿರನ್ನ ನಂಬಬೇಡ. ಮೊದಲು ಕೆಂಪು ತರಿಸು. ಬೇಕಂತಲೇ ತಪ್ಪು ಹೆಸರು ಕೊಡು."

ಕೊಟ್ಟೆ. ಆಗಲೂ ಹಸಿರೇ ಬಂತು. ನನ್ನ ಆರನೇ ಸಾಲು ಹೆಸರನ್ನು ನೋಡುತ್ತಲೇ ಇರಲಿಲ್ಲ, ಪುಟ ತೆರೆದಿದೆಯೇ ಎಂದಷ್ಟೇ ನೋಡುತ್ತಿತ್ತು. "ಚೂಡು, ನೋಡಿಲ್ಲಿ, ಎಲ್ಲಾದಕ್ಕೂ ತಲೆ ಆಡಿಸೋ ನೆಂಟ ಇದ್ದಂಗೆ ಇದು" ಎಂದು ತೆಲುಗು ಬೆರೆಸಿ ಹೇಳಿ, ಆ ಸಾಲನ್ನು ನನ್ನಿಂದಲೇ ತಿದ್ದಿಸಿದರು.

ಪ್ರತಿ ಪರೀಕ್ಷೆಗೂ ಅವರು ಕನ್ನಡದಲ್ಲೇ ಹೆಸರಿಡುತ್ತಿದ್ದರು. "ಒಬ್ಬರ ರಕ್ತ ಇನ್ನೊಬ್ಬರ ಹೆಸರಿಗೆ ಹೋಗಬಾರದು" ಎಂಬುದು ಒಂದು. ಎರಡು ಕಿಟಕಿಗಳಲ್ಲಿ ಇಬ್ಬರು ರೋಗಿಗಳ ವಿವರವನ್ನು ಒಂದೇ ಕ್ಷಣಕ್ಕೆ ಉಳಿಸಿ, ವರದಿ ಅದಲು ಬದಲಾಯಿತೇ ಎಂದು ಅದು ನೋಡುತ್ತಿತ್ತು. ಹತ್ತು ಸಲ ಓಡಿಸಿದರೆ ಒಂದು ಸಲ ಕೆಂಪಾಗುತ್ತಿತ್ತು. ಪರೀಕ್ಷೆಯಲ್ಲೇ ಏನೋ ದೋಷವೆಂದು ನಾನು ತಿಳಿದಿದ್ದೆ.

ಹೊಸ ಆವೃತ್ತಿ ಒಂದು ನರ್ಸಿಂಗ್ ಹೋಮಿಗೆ ಹೋಗಬೇಕಾದ ಹಿಂದಿನ ದಿನ ಅಕ್ಕ ಮದುವೆಗೆಂದು ರಜೆ ಹಾಕಿದ್ದರು. ಸರ್, ಅಂದರೆ ನಮ್ಮ ಮಾಲೀಕರು, ಗಂಟೆಗೊಮ್ಮೆ ಬಂದು "ಎಲ್ಲಾ ಹಸಿರಾಯ್ತಾ?" ಎನ್ನುತ್ತಿದ್ದರು. ಮತ್ತೆ ಅದೊಂದು ಕೆಂಪು. ಅದನ್ನು ಓಡಿಸದೆ ಬಿಟ್ಟುಬಿಡು ಎಂದು ಫೈಲಿನಲ್ಲಿ ಒಂದು ಪದ ಸೇರಿಸಿದೆ. ಎಲ್ಲ ಹಸಿರಾಯಿತು.

ಮರುದಿನ ಬೆಳಿಗ್ಗೆ ಅಕ್ಕ ವರದಿ ತೆರೆದರು. "ಮೊನ್ನೆ ನಲವತ್ತು ಓಡಿದ್ವು, ನಿನ್ನೆ ಮೂವತ್ತೊಂಬತ್ತು. ಒಂದು ಎಲ್ಲೋಯ್ತಮ್ಮ?"

"ಗೊತ್ತಿಲ್ಲ ಅಕ್ಕ" ಎಂದೆ.

ಅವರು ಫೈಲು ತೆರೆದರು. ಮತ್ತೇನೂ ಕೇಳದೆ ಆ ಪರೀಕ್ಷೆಯನ್ನು ಹುಡುಕಿ ತೆಗೆದು ನೂರು ಸಲ ಓಡಿಸಿದರು. ಮಧ್ಯಾಹ್ನದ ಹೊತ್ತಿಗೆ ತಿಳಿಯಿತು, ದೋಷ ಪರೀಕ್ಷೆಯದಲ್ಲ. ಇಬ್ಬರು ನರ್ಸುಗಳು ಒಟ್ಟಿಗೆ ಗುಂಡಿ ಒತ್ತಿದರೆ ಒಮ್ಮೊಮ್ಮೆ ಒಬ್ಬರ ರಕ್ತದ ಗುಂಪು ಇನ್ನೊಬ್ಬರ ಹೆಸರಿನಲ್ಲಿ ಕೂರುತ್ತಿತ್ತು.

ಸರ್ ಕೂಗಾಡಿದರು. "ಅವ್ರಿಗೆ ಇವತ್ತೇ ಕೊಡ್ತೀವಿ ಅಂತ ಮಾತು ಕೊಟ್ಟಿದೀನಿ!"

"ಕೊಡಲ್ಲ ಸರ್. ತಪ್ಪು ರಕ್ತ ಏರಿಸಿದ್ರೆ ಮನುಷ್ಯ ಉಳಿಯಲ್ಲ" ಎಂದರು ಅಕ್ಕ.

"ನಿನ್ನೆ ಎಲ್ಲಾ ಹಸಿರಿತ್ತಲ್ಲ, ಅದನ್ನ ಮುಚ್ಚಿಟ್ಟಿದ್ದು ಯಾರು?"

"ನಮ್ಮ ವಿಭಾಗದ ತಪ್ಪು. ನನ್ನನ್ನ ಬೈರಿ."

ಬೈದರು. ಅಕ್ಕ ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡರು. ನಾನು ಪಕ್ಕದಲ್ಲೇ ಪರದೆ ನೋಡುತ್ತಾ ಕೂತಿದ್ದೆ. ಎರಡು ವಾರ ತಡವಾಗಿ, ದೋಷ ಸರಿಪಡಿಸಿದ ಮೇಲೆಯೇ ಆ ಆವೃತ್ತಿ ಹೋಯಿತು.

ಆಮೇಲೂ ಅವರು ನನಗೆ ಮೊದಲಿನಂತೆಯೇ ಕಲಿಸಿದರು. ಟೀ ಹೊತ್ತಿಗೆ ಡಬ್ಬಿಯಿಂದ ಹುರಿದ ಕಡಲೆಕಾಯಿ ಸುರಿಯುತ್ತಿದ್ದರು. ಎಷ್ಟೋ ಸಲ ಹೇಳಿಬಿಡೋಣವೆಂದು ಬಾಯಿ ತೆರೆದೆ. ಪ್ರತಿ ಸಲವೂ ಬೇರೇನೋ ಹೇಳಿದೆ. ಹೀಗೇ ಆರು ವರ್ಷ ಕಳೆಯಿತು. ಹೋದ ವರ್ಷ ಅವರ ಶ್ವಾಸಕೋಶ ಕೆಟ್ಟಿತು. ನೋಡಲು ಹೋದಾಗ, "ಆಫೀಸಲ್ಲಿ ಕೆಂಪು ಎಷ್ಟಿದೆಯೇ?" ಎಂದು ಕೇಳಿದ್ದೇ ನನ್ನೊಂದಿಗೆ ಅವರಾಡಿದ ಕೊನೆಯ ಮಾತು.

ಅವರು ತೀರಿಕೊಂಡ ಹನ್ನೊಂದನೇ ದಿನದ ಕಾರ್ಯಕ್ಕೆ ಶಿಡ್ಲಘಟ್ಟಕ್ಕೆ ಹೋದೆ. ಸರ್ ಕೂಡ ಬಂದಿದ್ದರು. ಜಗಲಿಯ ಮೇಲೆ ಪಕ್ಕದಲ್ಲಿ ಕೂತಾಗ ತಡೆಯಲಾಗದೆ ಹೇಳಿದೆ. "ಸರ್, ಅವತ್ತು ಆ ಟೆಸ್ಟ್ ಮುಚ್ಚಿಟ್ಟಿದ್ದು ನಾನು."

"ಗೊತ್ತಮ್ಮ. ಆ ದಿನ ಇದ್ದಿದ್ದು ನೀನೊಬ್ಬಳೇ ಅಲ್ವಾ? ನಿನ್ನ ಕರ್ದು ಕೇಳಣ ಅಂತಿದ್ದೆ. ಆಯಮ್ಮನೇ ಬೇಡ ಅಂದ್ರು. 'ಅವಳಾಗೇ ಬಂದು ಹೇಳ್ತಾಳೆ ಸರ್, ಸ್ವಲ್ಪ ಕಾಯಣ' ಅಂದ್ರು."

ಅವರು ಆರು ವರ್ಷ ಕಾದಿದ್ದರು. ನಾನು ಹನ್ನೊಂದು ದಿನ ತಡವಾಗಿ ಬಂದಿದ್ದೆ.